ಅತ್ತೆಯ ಹಲ್ಲು ಮತ್ತು ಅಳಿಯನ ಕರ್ನಲ್

ಎಲ್ಲಾ ರಾದ್ಧಾಂತಕ್ಕೂ ಕಾರಣ ಒಂದು ಬಿಸ್ಕತ್ತು. ಬಿಸ್ಕತ್ತು ಗಟ್ಟಿಯಾಗಿತ್ತೋ, ಹಲ್ಲು ಹಳೆಯದಾಗಿತ್ತೋ, ಅಂತೂ ಭಾನುವಾರ ಸಂಜೆ ಕಾಫಿಯ ಹೊತ್ತಿಗೆ ಆಲ್‌ರೌಂಡರನ ಅತ್ತೆಯ ಬಾಯೊಳಗೆ ಏನೋ ‘ಕಟಕ್’ ಎಂದಿತು. ಅತ್ತೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಒಳಗೆ ಹೋದರು. ವಾಪಸ್ಸು ಬಂದಾಗ ಅವರ ಅಂಗೈಯಲ್ಲಿ ಮೇಲಿನ ಹಲ್ಲಿನ ಸೆಟ್ಟು ಎರಡು ಹೋಳಾಗಿ ಮಲಗಿತ್ತು.

ಕಾಫಿಗೆಂದು ಇಳಿದು ಬಂದಿದ್ದ ಮೇಲ್ಮನೆಯ ಪೋಸ್ಟ್‌ಮಾಸ್ಟರು ಸುಮ್ಮನಿರಬಾರದೇ? “ಅಯ್ಯೋ, ಇದಕ್ಕೆಲ್ಲಾ ಯಾಕೆ ಚಿಂತೆ? ನಿಮ್ಮ ಅಳಿಯನಿಗೆ ಅಂಟಿಸೋದು ಬರುತ್ತಲ್ಲ!” ಎಂದುಬಿಟ್ಟರು.

ಆಲ್‌ರೌಂಡರ್ ಎನ್ನುವುದು ಬೀದಿಯವರು ಇಟ್ಟ ಹೆಸರು. ನೀರಿನ ಪಂಪು ಕೆಟ್ಟರೂ ಅವನೇ, ಟೈಲರಮ್ಮನ ಹೊಲಿಗೆ ಮೆಷಿನ್ನು ದಾರ ನುಂಗಿದರೂ ಅವನೇ, ಮೂಲೆ ಅಂಗಡಿಯ ತಕ್ಕಡಿ ಸುಳ್ಳು ಹೇಳಿದರೂ ಅವನೇ. ಅವನ ಗಂಟಲು ದೇವರು ಅರ್ಜೆಂಟಿನಲ್ಲಿ ಮಾಡಿದ್ದಿರಬೇಕು. ಅದರಲ್ಲಿ ‘ಬರುತ್ತೆ’ ಅನ್ನುವ ಮಾತು ಸಲೀಸಾಗಿ ಹೊರಡುತ್ತಿತ್ತು, ‘ಬರಲ್ಲ’ ಅನ್ನುವುದು ಮಾತ್ರ ಸಿಕ್ಕಿಕೊಳ್ಳುತ್ತಿತ್ತು. ಯಾರಾದರೂ ಬಾಗಿಲಿಗೆ ಬಂದು “ನಿಮಗೆ ಇದು ಬರುತ್ತಂತಲ್ಲ?” ಎಂದು ಮುಖ ನೋಡಿದರೆ ಮುಗಿಯಿತು, ಸ್ಕ್ರೂಡ್ರೈವರ್ ಹುಡುಕುತ್ತಿದ್ದ.

ಹಲ್ಲನ್ನೂ ಹಾಗೆಯೇ ಅಂಟಿಸಿದ. ಗೋಂದು ಒಣಗಿದ ಮೇಲೆ ನೋಡಿದರೆ ಮುಂದಿನ ಎರಡು ಹಲ್ಲುಗಳಲ್ಲಿ ಒಂದು ಎದುರುಮನೆಯ ಕಡೆ ನೋಡುತ್ತಿತ್ತು, ಇನ್ನೊಂದು ಪಕ್ಕದ ಮನೆಯ ಕಡೆ. ಪೋಸ್ಟ್‌ಮಾಸ್ಟರು “ಇರಲಿ, ಗಟ್ಟಿಯಾಗಂತೂ ಇದೆ” ಎಂದು ಹೇಳಿ ಮೆಲ್ಲನೆ ಮೆಟ್ಟಿಲು ಹತ್ತಿದರು.

ಅವತ್ತೇ ಹೆಂಡತಿ ಕಾನೂನು ಜಾರಿ ಮಾಡಿದಳು. “ಸಾಕು ಕಣ್ರೀ ನಿಮ್ಮ ಸಮಾಜಸೇವೆ! ಇನ್ಮೇಲೆ ಯಾರೂ ನಿಮ್ಮನ್ನ ನೇರವಾಗಿ ಕೇಳೋ ಹಾಗಿಲ್ಲ. ಫೋನು ನನ್ನ ಹತ್ರ ಇರ್ಲಿ. ನಿಮಗೆ ಏನು ಬರುತ್ತೆ, ಏನು ಬರಲ್ಲ ಅಂತ ನಾನು ಹೇಳ್ತೀನಿ.”

ಆಶ್ಚರ್ಯವೆಂದರೆ ಕಾನೂನು ಭರ್ಜರಿಯಾಗಿ ಕೆಲಸ ಮಾಡಿತು. ಆ ವಾರ ಹಳೇ ಗಿರಾಕಿಗಳು ಒಬ್ಬಿಬ್ಬರು ಬಂದು ಬೈಸಿಕೊಂಡು ಹೋದದ್ದು ಬಿಟ್ಟರೆ ಹೊಸಬರು ಯಾರೂ ಇತ್ತ ತಲೆಹಾಕಲಿಲ್ಲ. ಹೆಂಡತಿ ದಿನಾ ರಾತ್ರಿ “ನೋಡಿದ್ರಾ ನನ್ನ ಏರ್ಪಾಡು?” ಎಂದು ಬೀಗುತ್ತಿದ್ದಳು.

ಅತ್ತೆ ಮಾತ್ರ ಬಾಯಿ ಬಿಟ್ಟಿರಲಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟ ಮೇಷ್ಟ್ರಮ್ಮ ಅವರು. ಬೊಚ್ಚುಬಾಯಲ್ಲಿ ಮಾತಾಡಿ ನಗೆಪಾಟಲಾಗುವ ಬದಲು ಮಾತೇ ಬೇಡ ಎಂದು ಅಟ್ಟದಿಂದ ಒಂದು ಸ್ಲೇಟು ಇಳಿಸಿಕೊಂಡಿದ್ದರು. ‘ಕಾಫಿಗೆ ಸಕ್ಕರೆ ಕಮ್ಮಿ’ ಎಂದು ಬರೆದು ತೋರಿಸುವರು, ಒರೆಸುವರು. ತರಕಾರಿಗೂ ಹೋಗಲಿಲ್ಲ, ಸಂಜೆಯ ವಾಕಿಂಗಿಗೂ ಹೋಗಲಿಲ್ಲ.

ಕಷ್ಟ ಏನೆಂದರೆ, ಶುಕ್ರವಾರ ಸಂಜೆ ಆರು ಗಂಟೆಗೆ ಅವರ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಶಾಲೆಯ ಸಭಾಂಗಣದಲ್ಲಿ ಅವರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಮೂವತ್ತು ವರ್ಷದಲ್ಲಿ ಸ್ಟೇಜಿನ ಮೇಲೆ ಯಾರ್ಯಾರದೋ ಕುರ್ಚಿ ಜೋಡಿಸಿದ್ದರೇ ಹೊರತು ಒಮ್ಮೆಯೂ ಅಲ್ಲಿ ಕೂತವರಲ್ಲ ಅತ್ತೆ. ನಾಲ್ಕು ಮಾತಾಡಬೇಕು ಎಂದು ಒಂದು ತಿಂಗಳಿಂದ ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದರು. ಆ ಶುಕ್ರವಾರ ಇವತ್ತೇ. ಬೆಳಿಗ್ಗೆ ಆಲ್‌ರೌಂಡರ್ ಚಪ್ಪಲಿ ಮೆಟ್ಟುತ್ತಿದ್ದಾಗ ಅತ್ತೆ ಸ್ಲೇಟು ಹಿಡಿದು ಬಾಗಿಲ ಬಳಿ ನಿಂತರು. ‘ಆಗದಿದ್ದರೆ ಬೇಜಾರಿಲ್ಲ. ಹೋಗಲ್ಲ ಅಷ್ಟೆ’ ಎಂದಿತ್ತು.

ಅದನ್ನು ಓದಿದ ಆಲ್‌ರೌಂಡರನಿಗೆ ಹಳೆಯದೆಲ್ಲ ನೆನಪಾಯಿತು. ಮದುವೆಯಾದ ಮರುವರ್ಷವೇ ಅವನ ಕಂಪನಿ ಬಾಗಿಲು ಹಾಕಿ, ಎರಡು ವರ್ಷ ಅವನು ಇದೇ ಮನೆಯಲ್ಲಿ ಗೋಡೆ ನೋಡುತ್ತಾ ಕೂತಿದ್ದ. ಬಂದ ನೆಂಟರೆಲ್ಲ ಅವನನ್ನು ಕಂಡು ಗಂಟಲು ಕೆರೆದುಕೊಳ್ಳುತ್ತಿದ್ದರು. ಅತ್ತೆ ಮಾತ್ರ ಒಂದು ದಿನವೂ ‘ಮುಂದೇನು’ ಎಂದು ಕೇಳಲಿಲ್ಲ. ತಮ್ಮ ರೇಡಿಯೋ, ಮಿಕ್ಸಿ, ಗೋಡೆ ಗಡಿಯಾರ ಒಂದೊಂದಾಗಿ ತಂದು ಅವನ ಮುಂದಿಟ್ಟು, “ಬಿಚ್ಚಿ ನೋಡಪ್ಪ, ಕೆಟ್ಟರೆ ಕೆಡಲಿ” ಎನ್ನುತ್ತಿದ್ದರು. ಗಡಿಯಾರ ಕೆಟ್ಟೇ ಹೋಯಿತು. ಅದನ್ನೂ ಅವರು ಯಾರಿಗೂ ಹೇಳಲಿಲ್ಲ. ಅಂಥ ಹೆಂಗಸು ಇವತ್ತು ಸ್ಲೇಟು ಹಿಡಿದು ಮನೆಯಲ್ಲಿ ಕೂರುವುದೇ? “ಐದು ಗಂಟೆಗೆ ಹಲ್ಲು ತಂದೇ ತರ್ತೀನಿ ಅತ್ತೆ” ಎಂದು ಸ್ಕೂಟರ್ ಹತ್ತಿದ.

ಮಾತು ಕೊಡುವುದಕ್ಕೆ ಧೈರ್ಯ ಬಂದದ್ದು ಏಕೆಂದರೆ ಅವನ ಕೆಲಸವೇ ಹಲ್ಲಿನ ಲ್ಯಾಬಿನಲ್ಲಿ. ಡಾಕ್ಟರುಗಳು ಬಾಯಿಯ ಅಚ್ಚು ಕಳಿಸುತ್ತಾರೆ. ಒಂದು ಪ್ರೋಗ್ರಾಂ ಅದನ್ನು ಸ್ಕ್ಯಾನ್ ಮಾಡುತ್ತದೆ. ಇನ್ನೊಂದು ಪ್ರೋಗ್ರಾಂ ಲೆಕ್ಕ ಹಾಕಿ ಮೆಷಿನ್ನಿಗೆ ಹೇಳಿ ಹಲ್ಲು ಕೊರೆಸುತ್ತದೆ. ಕೊನೆಗೆ ಹಲ್ಲಿನ ತಾತ ಎಂಬ ಹಿರಿಯರು ಉಜ್ಜಿ ಹೊಳಪು ಕೊಡುತ್ತಾರೆ. ಕಂಪ್ಯೂಟರನ್ನು ಸಾಕುವುದು ಆಲ್‌ರೌಂಡರನ ಪಾಲಿನ ಕೆಲಸ. ಹಳೇ ಕಂಪ್ಯೂಟರು ಹೋದ ವಾರ ಹೊಗೆ ಬಿಟ್ಟು ತೀರಿಕೊಂಡಿತ್ತು. ಹೊಸದು ನಿನ್ನೆ ತಾನೇ ಬಂದು ಕೂತಿತ್ತು. ಅದರ ಮೊದಲ ಬೋಣಿಯೇ ಅತ್ತೆಯ ಹಲ್ಲು.

ಮೊದಲು ಮೇಣದಲ್ಲಿ ಪರೀಕ್ಷೆಗೆ ಕೊರೆಸಿದರು. ಮೆಷಿನ್ನಿನ ಬಾಗಿಲು ತೆಗೆದು ತಾತ ಸೆಟ್ಟನ್ನು ಹೊರಗೆತ್ತಿದರು, ಬೆಳಕಿಗೆ ಹಿಡಿದರು, ಕನ್ನಡಕ ಏರಿಸಿದರು.

“ಏನಪ್ಪಾ, ನಿಮ್ಮತ್ತೆ ಸ್ವಲ್ಪ ದೊಡ್ಡ ಆಳಾ?”

“ಇಲ್ಲ ತಾತ, ಸಣ್ಣಗಿದ್ದಾರೆ.”

“ಹಾಗಿದ್ರೆ ಇದು ಕುದುರೇದು” ಎಂದು ಮೇಜಿನ ಮೇಲಿಟ್ಟರು.

ಪ್ರತಿ ಹಲ್ಲೂ ಇರಬೇಕಾದ್ದಕ್ಕಿಂತ ಒಂದೂವರೆ ಪಟ್ಟು ಇತ್ತು. ಲ್ಯಾಬಿನ ಯಜಮಾನರು ಓಡಿ ಬಂದರು. ಅವರಿಗೆ ಎಲ್ಲ ಯಂತ್ರಕ್ಕೂ ಒಂದೇ ಔಷಧ ಗೊತ್ತಿತ್ತು. “ಆಫ್ ಮಾಡಿ ಆನ್ ಮಾಡ್ರೀ” ಎಂದರು. ಮಾಡಿದರು. ಈ ಸಲ ಹಲ್ಲುಗಳು ಅಷ್ಟೇ ದೊಡ್ಡದಾಗಿ, ಇನ್ನಷ್ಟು ನುಣ್ಣಗೆ ಬಂದವು.

ಆಲ್‌ರೌಂಡರ್ ಸ್ಟೂಲು ಎಳೆದುಕೊಂಡು ಕೂತ. ಹನ್ನೊಂದು ಗಂಟೆಯ ಹೊತ್ತಿಗೆ ಕಳ್ಳ ಸಿಕ್ಕಿಬಿದ್ದ. ಕೊರೆಯುವ ಪ್ರೋಗ್ರಾಂ ಬಹಳ ಹಳೆಯದು. ಬರೆದ ಕಂಪನಿಯೇ ಈಗ ಇಲ್ಲ. ಅದು ಶುರುವಾದ ಕೂಡಲೇ ಕಂಪ್ಯೂಟರಿನ ಮಿದುಳಾದ ಪ್ರೊಸೆಸರನ್ನು ‘ನಿನಗೆ ಏನೇನು ಬರುತ್ತೆ?’ ಎಂದು ಕೇಳುತ್ತಿತ್ತು. ಹಳೇ ಪ್ರೊಸೆಸರು ಬಡಪಾಯಿ, ‘ಕೂಡೋದು ಕಳೆಯೋದು ಬರುತ್ತೆ ಸ್ವಾಮಿ’ ಎನ್ನುತ್ತಿತ್ತು. ಹೊಸದು ಹಾಗಲ್ಲ, ‘ಒಂದೇ ಏಟಿಗೆ ಹದಿನಾರು ಲೆಕ್ಕ ಮಾಡೋದೂ ಬರುತ್ತೆ!’ ಎಂದು ಎದೆ ಉಬ್ಬಿಸಿತು. ಅಂಥ ಪ್ರೊಸೆಸರು ಸಿಕ್ಕರೆ ಇರಲಿ ಎಂದು ಆ ಪ್ರೋಗ್ರಾಂ ಬರೆದ ಪುಣ್ಯಾತ್ಮ ಒಂದು ಹೊಸ ದಾರಿಯನ್ನು ಅರ್ಧ ಕಡಿದು, ಪರೀಕ್ಷೆ ಮಾಡದೆ ಹಾಗೇ ಬಿಟ್ಟು ಹೋಗಿದ್ದ. ಪ್ರೋಗ್ರಾಂ ಖುಷಿಯಾಗಿ ಆ ದಾರಿ ಹಿಡಿದು ಕುದುರೆ ಹಲ್ಲು ಕೊರೆಯುತ್ತಿತ್ತು.

“ಅಷ್ಟೇ ತಾನೇ?” ಎಂದರು ಯಜಮಾನರು. “ಆ ಹದಿನಾರರ ವಿದ್ಯೆ ಬರಲ್ಲ ಅಂತ ಹೇಳಿಸಿ. ಇಡೀ ಮೆಷಿನ್ನಿಗೇ ಬರಲ್ಲ ಅಂತ ಮಾಡ್ಬಿಡಿ.”

“ಸರ್, ಎಲ್ಲರಿಗೂ ಹಾಗೆ ಹೇಳಿದ್ರೆ…”

“ಮಾಡ್ರೀ ಅಂದ್ರೆ!”

ಯಜಮಾನರ ಮಾತಿಗೆ ‘ಬರಲ್ಲ’ ಎನ್ನುವ ಗಂಟಲು ಎಲ್ಲಿಂದ ತರುವುದು? ಮಾಡಿದ. ತಕ್ಷಣ ಸ್ಕ್ಯಾನ್ ಮಾಡುವ ಪ್ರೋಗ್ರಾಂ ಮುಖ ತಿರುಗಿಸಿತು. ‘ಇಷ್ಟು ದಡ್ಡ ಪ್ರೊಸೆಸರಿನ ಜೊತೆ ನಾನು ಕೆಲಸ ಮಾಡುವುದಿಲ್ಲ’ ಎಂಬರ್ಥದ ಕೆಂಪು ಅಕ್ಷರ ತೋರಿಸಿ ಕೂತುಬಿಟ್ಟಿತು. ಒಂಬತ್ತು ಡಾಕ್ಟರುಗಳ ಅಚ್ಚುಗಳು ಸಾಲಾಗಿ ಬಾಯಿ ತೆರೆದುಕೊಂಡು ಕಾಯುತ್ತಿದ್ದವು. ಯಜಮಾನರು ಅವನ್ನು ನೋಡಿ, ಅವನನ್ನು ನೋಡಿ, “ಏನೋ ಒಂದು ಮಾಡಿ” ಎಂದು ಹಲ್ಲು ಕಡಿದು ಹೊರಗೆ ಹೋದರು.

ಆಲ್‌ರೌಂಡರ್ ಎಲ್ಲವನ್ನೂ ಮೊದಲಿನಂತೆ ಮಾಡಿ ತಲೆಯ ಮೇಲೆ ಕೈ ಹೊತ್ತ. ಒಬ್ಬರಿಗೆ ‘ಬರುತ್ತೆ’ ಎನ್ನಬೇಕು, ಇನ್ನೊಬ್ಬರಿಗೆ ‘ಬರಲ್ಲ’ ಎನ್ನಬೇಕು. ಪ್ರೊಸೆಸರಿಗೆ ಆ ಜಾಣತನವಿಲ್ಲ. ಯಾರು ಕೇಳಿದರೂ ಎದೆ ಬಿಚ್ಚಿ ಹೇಳಿಬಿಡುತ್ತದೆ. ಪಾಪ, ಅದೂ ನನ್ನ ಜಾತಿಯೇ ಎಂದುಕೊಂಡ. ಹಾಗೆಂದುಕೊಂಡದ್ದೇ ತಡ, ಕಣ್ಣು ಅಗಲವಾಯಿತು.

“ತಾತ! ನನ್ನ ಹೆಂಡ್ತಿ ಮಾಡಿದ್ದೂ ಇದೇ ಅಲ್ವಾ?”

“ಏನು ಮಾಡಿದ್ಳು?” ಎಂದರು ತಾತ ಗಾಬರಿಯಿಂದ.

ಆಲ್‌ರೌಂಡರ್ ಫೋನಿನ ಕಾನೂನನ್ನು ವಿವರಿಸಿದ. ಕಂಪ್ಯೂಟರಿನ ಮನೆಯಲ್ಲೂ ಒಬ್ಬ ಗೃಹಿಣಿ ಉಂಟು, ಕರ್ನಲ್ ಎಂದು. ಯಾವ ಪ್ರೋಗ್ರಾಂ ಎಲ್ಲಿ ಕೂರಬೇಕು, ಎಷ್ಟು ಹೊತ್ತು ಕೂರಬೇಕು, ಎಲ್ಲವೂ ಅದರ ಅಪ್ಪಣೆ. ಆದರೆ ಪ್ರೊಸೆಸರಿಗೆ ಏನು ಬರುತ್ತೆ ಎಂದು ಕೇಳುವುದಕ್ಕೆ ಮಾತ್ರ ಯಾರೂ ಅದರ ಅಪ್ಪಣೆ ಪಡೆಯುವುದಿಲ್ಲ, ನೇರವಾಗಿ ಕೇಳಿಬಿಡುತ್ತಾರೆ. ಹೊಸ ಪ್ರೊಸೆಸರುಗಳಲ್ಲಿ ಒಂದು ಅನುಕೂಲವಿದೆ. ‘ಈ ಒಬ್ಬ ಪ್ರೊಸೆಸ್, ಅಂದರೆ ಓಡುತ್ತಿರುವ ಈ ಒಂದು ಪ್ರೋಗ್ರಾಂ, ಆ ಪ್ರಶ್ನೆ ಕೇಳಿದರೆ ತಡೆ’ ಎಂದು ಕರ್ನಲ್ಲಿಗೆ ಹೇಳಿಡಬಹುದು. ತಡೆದ ಮೇಲೆ ಉತ್ತರ ನಾವು ಕೊಟ್ಟದ್ದೇ. ಉಳಿದವರು ಎಂದಿನಂತೆ ಕೇಳಿಕೊಳ್ಳಲಿ, ಅವರಿಗೆ ಎಂದಿನ ಉತ್ತರವೇ.

“ಅಂದ್ರೆ ಫೋನು ಹೆಂಡ್ತಿ ಕೈಲಿ ಕೊಟ್ಟ ಹಾಗೆ” ಎಂದರು ತಾತ.

“ಹಾಗೇ ತಾತ. ಆದ್ರೆ ಒಬ್ಬ ಗಿರಾಕಿಗೆ ಮಾತ್ರ.”

ಒಂದು ಪುಟ್ಟ ಪ್ರೋಗ್ರಾಂ ಬರೆದ. ಅದು ಮೊದಲು ಕರ್ನಲ್ಲಿಗೆ ಆ ಮಾತು ಹೇಳಿ, ನಂತರ ತಾನೇ ವೇಷ ಬದಲಿಸಿ ಕೊರೆಯುವ ಪ್ರೋಗ್ರಾಂ ಆಗಬೇಕು. ಎರಡು ಗಂಟೆಗೆ ಮೇಣ ಇಟ್ಟು ಬಟನ್ ಒತ್ತಿದರು. ಮೆಷಿನ್ನು ಸುಯ್ಯೆಂದಿತು. ಬಾಗಿಲು ತೆಗೆದ ತಾತ ಸೆಟ್ಟನ್ನು ಮೊದಲಿನ ಎರಡು ಕುದುರೆ ಹಲ್ಲುಗಳ ಪಕ್ಕ ಜೋಡಿಸಿದರು. ಲಾಯದಲ್ಲಿ ಈಗ ಮೂರು.

ಅದೇ ಹೊತ್ತಿಗೆ ಯಜಮಾನರು ಸಿಡಿಲಿನ ಹಾಗೆ ಒಳಗೆ ಬಂದರು. ಮುಖ ಕೆಂಡವಾಗಿತ್ತು.

“ನಿಮಗೆ ಈ ಕೆಲಸ ಬರಲ್ಲ ಅಂತ ಮೊದಲೇ ಹೇಳೋಕೆ ಏನ್ರೀ ಕಷ್ಟ?”

“ಯಾರು ಹೇಳಿದ್ದು ಸರ್?”

“ನಿಮ್ಮ ಮನೆಯವರೇ ಹೇಳಿದ್ದು! ಡಾಕ್ಟರ ಹತ್ರ ಹೋಗಿದ್ದೆ, ಅಲ್ಲಿಂದ ನಿಮ್ಮ ಫೋನಿಗೆ ಮಾಡಿದೆ. ‘ಈ ಪ್ರೊಸೆಸರ್ ರಿಪೇರಿ ಬರುತ್ತಾ’ ಅಂತ ಅಂದೆ, ಅಷ್ಟೇ. ಆಯಮ್ಮ ಪೂರ್ತಿ ಕೇಳಲೂ ಇಲ್ಲ. ‘ಅವರಿಗೆ ಹಿಂದೇನೂ ಬರ್ತಿರ್ಲಿಲ್ಲ, ಮುಂದೇನೂ ಬರಲ್ಲ, ಇನ್ನೊಂದ್ಸಲ ಫೋನ್ ಮಾಡಬೇಡಿ’ ಅಂತ ಇಟ್ಟುಬಿಟ್ರು!”

ತಾತ ಕೆಮ್ಮಿನಲ್ಲಿ ನಗು ಬಚ್ಚಿಟ್ಟುಕೊಂಡರು. ಆಲ್‌ರೌಂಡರನ ಕಿವಿ ಬಿಸಿಯಾಯಿತು. ಬೆಳಿಗ್ಗೆ ಯಜಮಾನರು ಮೆಷಿನ್ನಿಗೆ ಮಾಡಿಸಿದ ತಪ್ಪನ್ನೇ ಅವನ ಹೆಂಡತಿ ಸಂಸಾರಕ್ಕೆ ಮಾಡಿದ್ದಳು. ಕೇಳಿದವರಿಗೆಲ್ಲ ಒಂದೇ ಉತ್ತರ. “ಅದು ಬೇರೆಯವರಿಗೆ ಹೇಳಬೇಕಾದ್ದು ಸರ್, ನಿಮಗಲ್ಲ” ಎಂದು ತೊದಲಿದ.

“ನಾಲ್ಕು ಗಂಟೆಗೆ ಹೊರಗಿನಿಂದ ಎಕ್ಸ್‌ಪರ್ಟ್ ಬರ್ತಾರೆ. ಅಲ್ಲಿವರೆಗೆ ನೀವು ಏನಾದ್ರೂ ಮಾಡ್ಕೊಳ್ಳಿ. ಆಮೇಲೆ ಮೆಷಿನ್ ಮುಟ್ಟೋ ಹಾಗಿಲ್ಲ. ಇನ್ನೊಂದು ಮಾತು, ನಿಜವಾದ ಹಲ್ಲು ಕೊರೆಯೋಕೆ ನಿಮ್ಮತ್ತೆ ಹಲ್ಲಿನ ಬಣ್ಣದ ಬಿಲ್ಲೆ ಒಂದೇ ಒಂದು ಇರೋದು. ಅದನ್ನ ಕುದುರೆಗೆ ಕೊಟ್ಟರೆ ನೋಡಿ!”

ಎಕ್ಸ್‌ಪರ್ಟ್ ಬಂದರೆ ಇಡೀ ಕಂಪ್ಯೂಟರು ಬಿಚ್ಚುತ್ತಾರೆ, ಸೋಮವಾರ ಜೋಡಿಸುತ್ತಾರೆ. ಅತ್ತೆ ಅಷ್ಟರಲ್ಲಿ ರೇಷ್ಮೆ ಸೀರೆ ಮಡಿಸಿ ಬೀರುವಿಗೆ ವಾಪಸ್ಸು ಇಟ್ಟಿರುತ್ತಾರೆ. ಮುಖದಲ್ಲಿ ಬೇಸರ ಕೂಡ ತೋರಿಸದೆ ‘ಕಾಫಿ ಮಾಡಲೇ?’ ಎಂದು ಬರೆಯುತ್ತಾರೆ. ಅದನ್ನು ನೆನೆದೇ ಆಲ್‌ರೌಂಡರನಿಗೆ ಜೀವ ಬಾಯಿಗೆ ಬಂತು. ಕರ್ನಲ್ಲಿನ ಪುಟಗಳನ್ನು ತೆರೆದು ಒಂದೊಂದೇ ಸಾಲು ಬೆರಳಿಟ್ಟು ಓದತೊಡಗಿದ.

ಮೂರು ಗಂಟೆಗೆ ಆ ಸಾಲು ಸಿಕ್ಕಿತು. ಪ್ರೊಸೆಸ್ ಮಕ್ಕಳನ್ನು ಹೆತ್ತರೆ ತಡೆ ಮಕ್ಕಳಿಗೂ ಬರುತ್ತದೆ. ಆದರೆ ಅದೇ ಪ್ರೊಸೆಸ್ ವೇಷ ಬದಲಿಸಿ ಬೇರೆ ಪ್ರೋಗ್ರಾಂ ಆಯಿತೋ, ಕರ್ನಲ್ ತಡೆಯನ್ನು ಒರೆಸಿಹಾಕುತ್ತದೆ. ಅಂದರೆ ಹೊಸ್ತಿಲಾಚೆ ಹೇಳಿಕೊಟ್ಟ ಬುದ್ಧಿಯೆಲ್ಲ ಹೊಸ್ತಿಲು ದಾಟುವಾಗ ಉದುರಿಹೋಗುತ್ತಿತ್ತು.

“ಒಳಗೆ ಬಂದ ಮೇಲೆ ಹೇಳಬೇಕು ತಾತ, ಹೊರಗಲ್ಲ!”

“ಹೇಳಪ್ಪ, ಯಾರು ಬೇಡ ಅಂದ್ರು?”

ಕೊರೆಯುವ ಪ್ರೋಗ್ರಾಂ ಕಣ್ಣು ಬಿಟ್ಟ ಕೂಡಲೇ, ಅದು ಒಂದು ಪ್ರಶ್ನೆಯನ್ನೂ ಕೇಳುವ ಮೊದಲೇ, ಅದರೊಳಗೆ ಕೂತು ತಡೆ ಹಾಕಿಸುವ ಒಂದು ಚಿಕ್ಕ ತುಂಡು ಬರೆದ. ಪ್ರಶ್ನೆ ಬಂತು, ಕರ್ನಲ್ ತಡೆಯಿತು, ತುಂಡು ವಿನಯವಾಗಿ ‘ಕೂಡೋದು ಕಳೆಯೋದು ಬರುತ್ತೆ ಸ್ವಾಮಿ, ಅಷ್ಟೇ’ ಎಂದಿತು. ಪಕ್ಕದಲ್ಲಿ ಸ್ಕ್ಯಾನ್ ಪ್ರೋಗ್ರಾಂ ಏನೂ ಅರಿಯದೆ ಹದಿನಾರರ ವಿದ್ಯೆಯಲ್ಲಿ ಓಡುತ್ತಲೇ ಇತ್ತು. ಮೇಣದಲ್ಲಿ ಪರೀಕ್ಷೆ ಮಾಡಲು ಹೊತ್ತಿರಲಿಲ್ಲ. ಇದ್ದೊಂದು ಬಿಲ್ಲೆಯನ್ನೇ ಇಟ್ಟು ಬಟನ್ ಒತ್ತಿದ. ಮೆಷಿನ್ನು ಕೊರೆಯುವಷ್ಟು ಹೊತ್ತು ಉಗುರು ಕಚ್ಚುತ್ತಾ ನಿಂತ.

ತಾತ ಬಾಗಿಲು ತೆಗೆದರು, ಬೆಳಕಿಗೆ ಹಿಡಿದರು, ಕನ್ನಡಕ ಏರಿಸಿದರು. ಆಮೇಲೆ ಮಗು ಎತ್ತಿಕೊಂಡ ಹಾಗೆ ಅಂಗೈಯಲ್ಲಿ ಇಟ್ಟುಕೊಂಡರು.

“ಇದು ಮೇಷ್ಟ್ರಮ್ಮನ ಹಲ್ಲೇ ಸರಿ” ಎಂದರು.

ಬಂದ ಎಕ್ಸ್‌ಪರ್ಟು ಕಾಫಿ ಕುಡಿದು ವಾಪಸ್ಸು ಹೋದರು. ಯಜಮಾನರು “ಪರವಾಗಿಲ್ಲರೀ” ಎಂದರು. ಅವರ ಬಾಯಲ್ಲಿ ಅದು ಬಹಳ ದೊಡ್ಡ ಮಾತು. ತಾತ ಊಟದ ಡಬ್ಬಿಯನ್ನೂ ತೆರೆಯದೆ ಕೂತು ಉಜ್ಜಿ, ಹೊಳಪು ಕೊಟ್ಟು, ಹತ್ತಿಯಲ್ಲಿ ಸುತ್ತಿ ಕೊಟ್ಟರು. ಆಲ್‌ರೌಂಡರನಿಗೆ ತಾತನ ಕಾಲಿಗೆ ಬೀಳಬೇಕೆನ್ನಿಸಿತು. “ಮೊದಲು ಹೋಗಪ್ಪಾ” ಎಂದು ತಾತ ಅವನನ್ನು ತಳ್ಳಿದರು. ಎದ್ದೆನೋ ಬಿದ್ದೆನೋ ಎಂದು ಮನೆ ಮುಟ್ಟಿದಾಗ ಅತ್ತೆ ರೇಷ್ಮೆ ಸೀರೆ ಉಟ್ಟು, ಸ್ಲೇಟು ತೊಡೆಯ ಮೇಲಿಟ್ಟುಕೊಂಡು ಬಾಗಿಲನ್ನೇ ನೋಡುತ್ತಾ ಕೂತಿದ್ದರು. ಹಲ್ಲು ಹಾಕಿಕೊಂಡು ಕನ್ನಡಿಯ ಮುಂದೆ ನಿಂತು, ಮೆಲ್ಲಗೆ ನಕ್ಕರು. ಅವನಿಗೆ ಅಷ್ಟು ಸಾಕಿತ್ತು.

ಸಭಾಂಗಣ ಕಿಕ್ಕಿರಿದಿತ್ತು. ಇಡೀ ಬೀದಿಯೇ ಬಂದಿತ್ತು. ಲ್ಯಾಬಿನ ಯಜಮಾನರು ಕೂಡ ಮೂರನೇ ಸಾಲಿನಲ್ಲಿದ್ದರು, ಅವರೂ ಈ ಮೇಷ್ಟ್ರಮ್ಮನ ಕೈಲಿ ಲೆಕ್ಕಕ್ಕೆ ಕಿವಿ ಹಿಂಡಿಸಿಕೊಂಡವರೇ ಅಂತೆ. ಅತ್ತೆ ಮೈಕಿನ ಮುಂದೆ ನಿಂತು ವಿದ್ಯಾರ್ಥಿಗಳಿಗೆ, ಶಾಲೆಗೆ, ಬೆಂಚು ಒರೆಸುತ್ತಿದ್ದ ಆಯಾಗೆ ಎಲ್ಲರಿಗೂ ಕೃತಜ್ಞತೆ ಹೇಳಿದರು. ಒಂದಕ್ಷರವೂ ಜಾರಲಿಲ್ಲ. ಆಲ್‌ರೌಂಡರ್ ಕಣ್ಣು ಒರೆಸಿಕೊಂಡ.

“ಕೊನೇದಾಗಿ ನನ್ನ ಅಳಿಯನ ವಿಷಯ” ಎಂದರು ಅತ್ತೆ. “ಈ ಹಲ್ಲು ಅವನು ಕೊಟ್ಟಿದ್ದು. ಅವನಿಗೆ ಬಾರದ್ದು ಅಂತ ಪ್ರಪಂಚದಲ್ಲಿ ಯಾವುದೂ ಇಲ್ಲ. ಆದ್ರೆ ಸಂಕೋಚದ ಮನುಷ್ಯ, ತಾನಾಗಿ ಹೇಳ್ಕೊಳ್ಳಲ್ಲ. ಅವನಿಗೆ ಕೆಲಸ ಹೋದಾಗ ಮುಖ ಸಪ್ಪಗೆ ಮಾಡ್ಕೊಂಡು ಕೂತಿರ್ತಿದ್ದ. ನನಗೆ ನೋಡೋಕಾಗ್ಲಿಲ್ಲ. ಅವತ್ತಿಂದ ತರಕಾರಿ ಅಂಗಡೀಲಿ, ವಾಕಿಂಗಲ್ಲಿ, ಎಲ್ಲಿ ಯಾರು ಸಿಕ್ಕರೂ ನಾನೇ ಹೇಳ್ತಾ ಬಂದೆ. ‘ನಿಮ್ಮ ಪಂಪು ಕೆಟ್ಟಿದೆಯಾ? ನಮ್ಮ ಅಳಿಯನಿಗೆ ಬರುತ್ತೆ. ಹೊಲಿಗೆ ಮೆಷಿನ್ನಾ? ಅದೂ ಬರುತ್ತೆ, ಹೋಗಿ ಕೇಳಿ.’ ನಾಲ್ಕು ಜನ ಹುಡುಕ್ಕೊಂಡು ಬಂದ್ರೆ ತಾನೇ ಮನುಷ್ಯನಿಗೆ ತಾನೂ ಇದ್ದೀನಿ ಅನ್ಸೋದು! ಈ ಒಂದು ವಾರ ಹಲ್ಲಿಲ್ದೆ ಯಾರಿಗೂ ಹೇಳೋಕಾಗ್ಲಿಲ್ಲ, ಅದೇ ಬೇಜಾರು. ಬಾಕಿ ಇವತ್ತು ತೀರಿಸ್ತೀನಿ. ಎಲ್ಲರೂ ಕೇಳಿಸ್ಕೊಳ್ಳಿ, ನಿಮ್ಮ ಮನೇಲಿ ಏನೇ ಕೆಟ್ಟರೂ ಅವನನ್ನ ಕೇಳಿ!”

ಚಪ್ಪಾಳೆ ಗೋಡೆ ಅಲ್ಲಾಡಿಸಿತು. ಆಲ್‌ರೌಂಡರ್ ಕಕ್ಕಾಬಿಕ್ಕಿಯಾಗಿ ಕೂತಿದ್ದ. ಇಷ್ಟು ವರ್ಷ ತನ್ನ ಬಾಗಿಲಿಗೆ ಜನ ಬಂದದ್ದು ಹೇಗೆ, ಈ ವಾರ ಬಾರದೇ ಇದ್ದದ್ದು ಹೆಂಡತಿಯ ಕಾನೂನಿನಿಂದಲ್ಲ, ಅತ್ತೆಗೆ ಹಲ್ಲಿಲ್ಲದ್ದರಿಂದ ಎಂದು ಈಗ ತಿಳಿಯಿತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆ ಎರಡು ವರ್ಷ ತನ್ನನ್ನು ನೆಲದಿಂದ ಎತ್ತಿ ನಿಲ್ಲಿಸಿದ ಕೈ ಯಾವುದು ಎಂದು ಗೊತ್ತಾಯಿತು.

ಅವನು ಸುಧಾರಿಸಿಕೊಳ್ಳುವಷ್ಟರಲ್ಲಿ ಕುರ್ಚಿಯ ಸುತ್ತ ಸಂತೆ ನೆರೆದಿತ್ತು. ಒಬ್ಬರ ಫ್ರಿಜ್ಜು ಗುಡುಗುತ್ತಿತ್ತಂತೆ, ಇನ್ನೊಬ್ಬರ ಗೇಟು ಕಿರುಚುತ್ತಿತ್ತಂತೆ. ಎಲ್ಲರನ್ನೂ ಸರಿಸಿಕೊಂಡು ಯಜಮಾನರು ಮುಂದೆ ಬಂದು, “ನಮ್ಮ ಮನೆ ಗೀಸರು ಒಂದು ವರ್ಷದಿಂದ…” ಎಂದು ಶುರುಮಾಡಿದರು. ಆಲ್‌ರೌಂಡರ್ ಕಾಪಾಡು ಎಂಬಂತೆ ಹೆಂಡತಿಯ ಕಡೆ ನೋಡಿದ. ಅವಳು ಅಮ್ಮನ ಮಾತು ಕೇಳಿ ಬಿಕ್ಕಿ ಬಿಕ್ಕಿ ಅಳುತ್ತಿದ್ದವಳು, ಸೆರಗಿನಿಂದ ಮೂಗು ಒರೆಸಿಕೊಂಡು, “ಬರುತ್ತೆ ಸರ್, ಅವರಿಗೆ ಎಲ್ಲಾ ಬರುತ್ತೆ. ನಾಳೆ ಬೆಳಿಗ್ಗೆ ಮೊದಲು ನಿಮ್ಮ ಮನೆಗೇ ಕಳಿಸ್ತೀನಿ” ಎಂದಳು.

ಅಷ್ಟರಲ್ಲಿ ಅತ್ತೆ ಸ್ಟೇಜಿನಿಂದ ಇಳಿದು ಬಂದು, ಅವನ ಭುಜದ ಮೇಲೆ ಕೈಯಿಟ್ಟು ಪ್ರೀತಿಯಿಂದ ಹೇಳಿದರು:

“ಎಷ್ಟು ಚೆನ್ನಾಗಿ ಕೂತಿದೆಯಪ್ಪ ಈ ಹಲ್ಲು! ಇನ್ನೊಂದು ಇಪ್ಪತ್ತು ವರ್ಷ ಧಾರಾಳವಾಗಿ ಮಾತಾಡ್ತೀನಿ.”